ಕೊನೇ ರೀಲಿನ ಹಾಡು ಕದ್ದವರ್ಯಾರು?

ನೀವು ಮೆಚ್ಚಿ, ಹತ್ತು ಸಲ ಟಿಕೆಟ್ ಕೊಂಡು, ಬಾಯಿಪಾಠ ಮಾಡಿಕೊಂಡ ಚಿತ್ರವೊಂದು ಹದಿನಾಲ್ಕು ವರ್ಷದ ಮೇಲೆ ಮತ್ತೆ ಬಿಡುಗಡೆಯಾಯಿತು ಅಂತಿಟ್ಟುಕೊಳ್ಳಿ. ಅದೇ ಟೈಟಲ್ಲು, ಅದೇ ನಾಯಕ, ಅದೇ ಖಳನಾಯಕ. ಕೊನೇ ರೀಲು ಬಂತು. ಖಳ ಸತ್ತ. ಇನ್ನೇನು ನಿಮಗೆ ಗೊತ್ತಿರುವ ಹಾಡು ಶುರುವಾಗಬೇಕು, ನೀವೂ ಜೊತೆಗೆ ಗುನುಗಬೇಕು.... ಹಾಡೇ ಇಲ್ಲ! ಅದರ ಜಾಗದಲ್ಲಿ ಬೇರೇನೋ ಕೊಳಲು, ಬೇರೇನೋ ಕೋರಸ್ಸು. ಏನು ಮಾಡ್ತೀರಿ? ಗಾಂಧಿಕ್ಲಾಸಿನಲ್ಲಿ ಕೂತವರು ಕುರ್ಚಿ ಮುರೀತಾರೋ ಇಲ್ಲವೋ?

ಇದು ಕಟ್ಟುಕತೆಯಲ್ಲ ಸ್ವಾಮಿ. ೧೯೯೭ರಲ್ಲಿ ಅಮೆರಿಕದ ‘ಸ್ಟಾರ್ ವಾರ್ಸ್’ ಅಭಿಮಾನಿಗಳಿಗೆ ಆದದ್ದು ಇದೇ. ಆ ಸರಣಿಯ ಮೂರನೇ ಚಿತ್ರ, ೧೯೮೩ರ ‘ರಿಟರ್ನ್ ಆಫ್ ದಿ ಜೆಡೈ’. ಅದರ ಕೊನೆಯಲ್ಲಿ ಕರಡಿಮರಿಗಳಂಥ ಈವಾಕ್‌ಗಳು ಕಾಡಿನಲ್ಲಿ ಬೆಂಕಿ ಹಾಕಿ, ಡೋಲು ಬಡಿದು ಕುಣಿಯುವ ಹಾಡೊಂದಿತ್ತು. ಅಭಿಮಾನಿಗಳು ಅದಕ್ಕಿಟ್ಟ ಹೆಸರು ‘ಯಬ್ ನಬ್’. ಸರಣಿಯ ಸೃಷ್ಟಿಕರ್ತ ಜಾರ್ಜ್ ಲೂಕಾಸ್ ಅವರು ಹಳೆಯ ಮೂರೂ ಚಿತ್ರಗಳಿಗೆ ಕಂಪ್ಯೂಟರ್ ಕಸೂತಿ ಹಾಕಿಸಿ ‘ಸ್ಪೆಷಲ್ ಎಡಿಷನ್’ ಅಂತ ತೆರೆಗೆ ತಂದಾಗ ಆ ಹಾಡನ್ನು ಕಿತ್ತು ಹಾಕಿದರು. ಅಂದು ಶುರುವಾದ ಜಗಳ ಇವತ್ತಿಗೂ ಮುಗಿದಿಲ್ಲ.

ಕತ್ತಲಲ್ಲಿ ಮೊಳಗಿದ ಕಹಳೆ

ಒಂದು ಹಾಡಿಗೆ ಇಷ್ಟು ರಂಪವೇ ಎನ್ನುವವರು ಮೊದಲು ಆ ಸಂಗೀತದ ಕತೆ ಕೇಳಬೇಕು. ೧೯೭೭ ಅಂದರೆ ಡಿಸ್ಕೋ ಕಾಲ. ಆಕಾಶ, ರಾಕೆಟ್ಟು, ರೋಬೋಟು ಅಂದರೆ ಸಿಂಥಸೈಜರಿನಲ್ಲಿ ಕುಂಯ್ ಕುಂಯ್ ಅನ್ನಿಸಬೇಕು ಅನ್ನುವ ನಂಬಿಕೆ. ಲೂಕಾಸ್ ಉಲ್ಟಾ ಯೋಚಿಸಿದರು. ತೆರೆಯ ಮೇಲೆ ಕಾಣುವುದೆಲ್ಲ ಕಂಡು ಕೇಳರಿಯದ್ದು; ಕಿವಿಗಾದರೂ ಪರಿಚಯದ್ದು ಸಿಗಲಿ! ಹಳೆಯ ಹಾಲಿವುಡ್ ಸಾಹಸ ಚಿತ್ರಗಳಲ್ಲಿದ್ದ ಹಾಗೆ ದೊಡ್ಡ ವಾದ್ಯವೃಂದವೇ ಬೇಕು ಅಂದರು. ಗೆಳೆಯ ಸ್ಟೀವನ್ ಸ್ಪೀಲ್‌ಬರ್ಗ್ ಒಂದು ಹೆಸರು ಸೂಚಿಸಿದರು. ‘ಜಾಸ್’ ಚಿತ್ರದಲ್ಲಿ ಎರಡೇ ಎರಡು ಸ್ವರದಿಂದ ಜನರನ್ನು ಸಮುದ್ರಕ್ಕಿಳಿಯದಂತೆ ಹೆದರಿಸಿದ್ದ ಜಾನ್ ವಿಲಿಯಮ್ಸ್.

೧೯೭೭ರ ಮಾರ್ಚಿ. ಲಂಡನ್ ಬಳಿಯ ಡೆನಮ್‌ನಲ್ಲಿ ಆನ್ವಿಲ್ ಸ್ಟುಡಿಯೋ. ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಎಂಬತ್ತಕ್ಕೂ ಮಿಕ್ಕಿದ ವಾದಕರು ಕೂತರು. ಮುಖ್ಯ ಟ್ರಂಪೆಟ್ ವಾದಕ ಮಾರಿಸ್ ಮರ್ಫಿ ಆ ತಂಡಕ್ಕೆ ಆಗಷ್ಟೇ ಬಂದ ಹೊಸಬರು. ಟೈಟಲ್ ಬೀಳುವಾಗ ಎದೆಗೆ ಬಡಿಯುವಂತೆ ಬರುವ ಆ ಕಹಳೆ ಇದೆಯಲ್ಲ, ಅದು ಅವರದ್ದೇ! ಕೆಲಸಕ್ಕೆ ಸೇರಿದ ಹೊಸತರಲ್ಲೇ ಇಂಥ ಅದೃಷ್ಟ ಎಷ್ಟು ಜನಕ್ಕೆ?

ಇನ್ನೊಂದು ಮಜಾ ಇದೆ. ಟ್ವೆಂಟಿಯೆತ್ ಸೆಂಚುರಿ ಫಾಕ್ಸ್ ಕಂಪನಿಯ ಲಾಂಛನ ಬರುವಾಗ ಮೊಳಗುವ ನಾದ ಆಲ್ಫ್ರೆಡ್ ನ್ಯೂಮನ್ ಅವರದು. ವಿಲಿಯಮ್ಸ್ ಅದೇ ಶ್ರುತಿಯಲ್ಲಿ, ಅಂದರೆ ಬಿ ಫ್ಲಾಟ್ ಮೇಜರಿನಲ್ಲಿ, ತಮ್ಮ ಮುಖ್ಯ ರಾಗವನ್ನೂ ಕೂರಿಸಿದರು. ಹಾಗಾಗಿ ಲಾಂಛನದ ಡೋಲಿನಿಂದಲೇ ಸಿನಿಮಾ ಶುರುವಾದ ಹಾಗೆ! ಶ್ರುತಿ ಅಂದರೆ ಏನು ಎಂದು ತಿಳಿಯದ ಹುಡುಗನಿಗೂ ಅದು ಮೈ ಜುಂ ಅನ್ನಿಸುತ್ತಿತ್ತು.

ವಿಲಿಯಮ್ಸ್ ಮಾಡಿದ ಉಪಾಯ ಸರಳ. ಒಬ್ಬೊಬ್ಬ ಪಾತ್ರಕ್ಕೆ ಒಂದೊಂದು ರಾಗದ ತುಣುಕು. ಲ್ಯೂಕ್‌ಗೆ ಒಂದು, ಲೇಯಾಗೆ ಒಂದು, ಮುದುಕ ಓಬಿ ವಾನ್‌ಗೆ ಒಂದು. ಜರ್ಮನಿಯ ವಾಗ್ನರ್ ತನ್ನ ಆಪೆರಾಗಳಲ್ಲಿ ಬೆಳೆಸಿದ ಪದ್ಧತಿ ಇದು. ಕಣ್ಣು ಮುಚ್ಚಿ ಕೂತರೂ ಯಾರು ಬಂದರು ಅಂತ ಗೊತ್ತಾಗಬೇಕು. ಆದರೆ ಪಂದ್ಯ ಕಟ್ಟುವ ಅಭಿಮಾನಿಗಳೇ ಹುಷಾರ್! ಕಪ್ಪು ಮುಖವಾಡದ ಖಳ ಡಾರ್ತ್ ವೇಡರ್ ಬಂದಾಗ ಬಾರಿಸುವ ಆ ಪ್ರಸಿದ್ಧ ‘ಇಂಪೀರಿಯಲ್ ಮಾರ್ಚ್’ ಮೊದಲ ಚಿತ್ರದಲ್ಲಿ ಇಲ್ಲವೇ ಇಲ್ಲ. ಅದು ಹುಟ್ಟಿದ್ದು ೧೯೮೦ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ. ಬಹಳ ಜನ ಸೋಲುವ ಪಂದ್ಯ ಇದು.

ಲೂಕಾಸ್ ಕಿವಿಯನ್ನೂ ಹೊಗಳಲೇಬೇಕು. ಎರಡು ಸೂರ್ಯರು ಮುಳುಗುವುದನ್ನು ಲ್ಯೂಕ್ ಒಬ್ಬನೇ ನಿಂತು ನೋಡುವ ದೃಶ್ಯ ನೆನಪಿದೆಯೇ? ಅಲ್ಲಿಗೆ ವಿಲಿಯಮ್ಸ್ ಮೊದಲು ಬರೆದದ್ದು ಬೇರೆಯೇ ಸಂಗೀತ. ಲೂಕಾಸ್ ಬೇಡವೆಂದರು, ಓಬಿ ವಾನ್ ರಾಗವನ್ನೇ ಅಲ್ಲಿ ತರಿಸಿದರು. ಫ್ರೆಂಚ್ ಹಾರ್ನ್ ಒಂದು ಮೆಲ್ಲಗೆ ಎದ್ದು, ಹಿಂದಿನಿಂದ ತಂತಿವಾದ್ಯಗಳೆಲ್ಲ ಸೇರಿಕೊಂಡು.... ಆ ಹುಡುಗ ಬಾಯಿ ಬಿಡದೆ ಹೇಳಬೇಕಾದ್ದನ್ನೆಲ್ಲ ಅದೇ ಹೇಳಿಬಿಡುತ್ತದೆ. ಇದಕ್ಕಿಂತ ಒಳ್ಳೇ ತಿದ್ದುಪಡಿ ಇನ್ನೊಂದಿಲ್ಲ. ಆದರೆ ಅದು ಆದದ್ದು ಬಿಡುಗಡೆಗೆ ಮುಂಚೆ.

೧೯೭೮ರ ಆಸ್ಕರ್ ಸಮಾರಂಭದಲ್ಲಿ ಸಂಗೀತಕ್ಕೆ ಪ್ರಶಸ್ತಿ ಬಂತು. ಹಾಡೊಂದೂ ಇಲ್ಲದ, ಬರೀ ವಾದ್ಯಗಳ ಜೋಡಿ ಎಲ್‌ಪಿಗಾಗಿ ಹುಡುಗರು ಅಂಗಡಿಗೆ ಮುಗಿಬಿದ್ದರು. ಮೀಕೊ ಎಂಬಾತ ಅದೇ ರಾಗಕ್ಕೆ ಡಿಸ್ಕೋ ತಾಳ ಹಾಕಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಏರಿಬಿಟ್ಟ!

ಬದಲಾದದ್ದು ಏನೇನು?

೧೯೯೭ರಲ್ಲಿ ಆದ ಬದಲಾವಣೆಗಳ ಪೈಕಿ ಹೊರಗಿನವರಿಗೂ ಗೊತ್ತಿರುವುದು ಮೊದಲ ಚಿತ್ರದ ಹೋಟೆಲ್ ದೃಶ್ಯ. ಹ್ಯಾನ್ ಸೋಲೋ ಪಾತ್ರದ ಹ್ಯಾರಿಸನ್ ಫೋರ್ಡ್ ಮೇಜಿನ ಕೆಳಗಿಂದಲೇ ಗುಂಡು ಹಾರಿಸಿ ಎದುರಾಳಿ ಗ್ರೀಡೋನನ್ನು ಮುಗಿಸುತ್ತಿದ್ದ. ಹೊಸ ಆವೃತ್ತಿಯಲ್ಲಿ ಗ್ರೀಡೋ ಮೊದಲು ಗುಂಡು ಹಾರಿಸಿ ಗುರಿ ತಪ್ಪುತ್ತಾನೆ. ಮೂರು ಅಡಿ ದೂರದಿಂದ! ನಾಯಕನಿಗೆ ಒಳ್ಳೆಯವನೆಂಬ ಸರ್ಟಿಫಿಕೇಟು ಕೊಡಲು ಹೋಗಿ ಅವನ ಖದರನ್ನೇ ಕಿತ್ತುಕೊಂಡರು ಅಂತ ಅಭಿಮಾನಿಗಳು ಸಿಡಿದೆದ್ದರು. ಆ ಜಗಳ ಎಲ್ಲರಿಗೂ ಗೊತ್ತು, ಅದನ್ನು ಅಲ್ಲಿಗೇ ಬಿಡೋಣ.

ಕಿವಿಗೆ ಬಿದ್ದ ಪೆಟ್ಟು ಬೇರೆ. ‘ಜೆಡೈ’ ಚಿತ್ರದಲ್ಲಿ ಜಬ್ಬಾ ಎಂಬ ದಢೂತಿ ಖಳನ ಅರಮನೆ. ಅಲ್ಲಿ ಬೊಂಬೆ ಗಾಯಕಿ ಹಾಡುತ್ತಿದ್ದದ್ದು ‘ಲಾಪ್ಟಿ ನೆಕ್’. ಅದಕ್ಕೆ ಸಾಹಿತ್ಯ ಹೊಂದಿಸಿದವರಲ್ಲಿ ಜಾನ್ ವಿಲಿಯಮ್ಸ್ ಮಗ ಜೋಸೆಫ್ ಕೂಡ ಒಬ್ಬರು. ಅದನ್ನು ತೆಗೆದು ‘ಜೆಡೈ ರಾಕ್ಸ್’ ಎಂಬ ಹೊಸ ಗದ್ದಲ ಹಾಕಿದರು. ಬರೆದವರು ಜೆರ್ರಿ ಹೇ, ಮೈಕೆಲ್ ಜಾಕ್ಸನ್ ಧ್ವನಿಮುದ್ರಿಕೆಗಳಲ್ಲಿ ಕಹಳೆಗಳನ್ನು ಕುಣಿಸಿದ ಗಟ್ಟಿ ಆಸಾಮಿ. ಆದರೂ ಕಂಪ್ಯೂಟರ್ ಪ್ರಾಣಿಯೊಂದು ಕ್ಯಾಮೆರಾಕ್ಕೇ ಬಾಯಿ ತೆರೆದು ಅರಚುವಾಗ ಕತೆ ಎಲ್ಲಿತ್ತು ಅನ್ನುವುದೇ ಮರೆತುಹೋಗುತ್ತದೆ. ಇದನ್ನು ಸಮರ್ಥಿಸಿಕೊಳ್ಳುವ ಒಬ್ಬ ಅಭಿಮಾನಿಯನ್ನೂ ನಾನು ಕಂಡಿಲ್ಲ.

ಕೊನೇ ಹಾಡಿನ ವಿಷಯ ಹಾಗಲ್ಲ. ಇಲ್ಲಿ ಎರಡು ಪಾರ್ಟಿಗಳು. ಹೊಸದಾದ ‘ವಿಕ್ಟರಿ ಸೆಲೆಬ್ರೇಷನ್’ ಬರೆದದ್ದೂ ಜಾನ್ ವಿಲಿಯಮ್ಸ್ ಅವರೇ. ಕೊಳಲಿನಿಂದ ಶುರುವಾಗಿ, ಮಕ್ಕಳಾಟದಂಥ ಲಯದಲ್ಲಿ ಬೆಳೆದು ಕೋರಸ್ಸಿಗೆ ಹೋಗುತ್ತದೆ. ತೆರೆಯ ಮೇಲೆ ಬೇರೆ ಬೇರೆ ಗ್ರಹಗಳ ಜನರೆಲ್ಲ ಸಂಭ್ರಮ ಪಡುತ್ತಾರೆ. ಹೊಸದರ ಕಡೆಯವರ ವಾದ ಹೀಗೆ: ಒಂದು ಸಾಮ್ರಾಜ್ಯವೇ ಉರುಳಿಬಿದ್ದಿದೆ, ಅದಕ್ಕೆ ಕರಡಿಮರಿಗಳ ಕುಣಿತ ಸಾಕೇ? ಹಳೆಯದರ ಕಡೆಯವರು ಬಿಡ್ತಾರಾ? ಗೆದ್ದದ್ದು ಆ ಕಾಡಿನ ಪುಟ್ಟ ಜೀವಿಗಳ ಕಲ್ಲು ಕವಣೆಯಿಂದ, ಹಾಡೂ ಅವುಗಳದ್ದೇ ಇರಬೇಕು ಅಂತಾರೆ.

ನನ್ನನ್ನು ಕೇಳಿದರೆ ಸಂಗೀತದ ಲೆಕ್ಕದಲ್ಲಿ ಹೊಸದೇ ಒಂದು ಕೈ ಮೇಲು. ಹೊಡೀಬೇಡಿ! ‘ಯಬ್ ನಬ್’ ಸ್ಕೂಲ್ ಡೇ ಹಾಡಿನ ಹಾಗಿದೆ, ನಿಜ. ಆದರೆ ಹದಿನಾಲ್ಕು ವರ್ಷ ಅದನ್ನು ಕೇಳಿ ಮನೆಗೆ ಹೋದವನಿಗೆ ಮೇಲು ಕೀಳಿನ ಲೆಕ್ಕ ಯಾಕೆ? ಅವನಿಗೆ ಅದೇ ಮುಕ್ತಾಯ. ಕಣ್ಣು ಹೊಸದಕ್ಕೆ ಒಗ್ಗಿಕೊಂಡೀತು, ಕಿವಿ ಅಷ್ಟು ಸುಲಭಕ್ಕೆ ಒಪ್ಪಲ್ಲ.

ಲೂಕಾಸ್ ಕೈ ಅಲ್ಲಿಗೂ ನಿಲ್ಲಲಿಲ್ಲ. ೨೦೦೪ರ ಡಿವಿಡಿಯಲ್ಲಿ, ಕೊನೇ ದೃಶ್ಯದ ಆತ್ಮರೂಪದಲ್ಲಿ ನಿಂತಿದ್ದ ಹಿರಿಯ ನಟ ಸೆಬಾಸ್ಟಿಯನ್ ಶಾ ಮಾಯ; ಅವರ ಜಾಗದಲ್ಲಿ ಹೊಸ ಚಿತ್ರಗಳ ಹುಡುಗ ಹೇಡನ್ ಕ್ರಿಸ್ಟೆನ್ಸನ್. ಶಾ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು, ಕೇಳುವವರು ಯಾರು? ಅದೇ ಡಿವಿಡಿಯ ಮೊದಲ ಚಿತ್ರದಲ್ಲಿ ಹಿಂದಿನ ಸ್ಪೀಕರುಗಳ ಸಂಗೀತ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲು ಬದಲಾಗಿತ್ತು. ಇದನ್ನು ಹಿಡಿದದ್ದು ಅಭಿಮಾನಿಗಳು. ಹಾಗಿರುತ್ತೆ ನೋಡಿ ಅವರ ಕಿವಿ! ೨೦೧೧ರ ಬ್ಲೂ ರೇಯಲ್ಲಿ ಇನ್ನೂ ಒಂದು. ಮಗನನ್ನು ಉಳಿಸಲು ಡಾರ್ತ್ ವೇಡರ್ ಒಡೆಯನನ್ನು ಎತ್ತಿ ಎಸೆಯುವ ಕ್ಷಣದಲ್ಲಿ ಮೊದಲು ಮಾತೇ ಇರಲಿಲ್ಲ, ವಾದ್ಯವೃಂದವೇ ಎಲ್ಲ ಹೇಳುತ್ತಿತ್ತು. ಈಗ ಅವನು ‘ನೋ’ ಅಂತ ಕೂಗುತ್ತಾನೆ. ವಿಲಿಯಮ್ಸ್ ಸಂಗೀತದ ನೆತ್ತಿಯ ಮೇಲೆ!

ಲೂಕಾಸ್ ವಿರುದ್ಧ ಲೂಕಾಸ್

ಸಿನಿಮಾ ಅವರದು, ದುಡ್ಡು ಅವರದು, ಬದಲಿಸಿದರೆ ನಮಗೇನು ಅನ್ನಬಹುದು. ಸರಿಯೇ. ತಾವು ಬಯಸಿದ್ದ ಚಿತ್ರ ಸ್ಪೆಷಲ್ ಎಡಿಷನ್ನೇ, ಹಳೆಯದು ಅರ್ಧ ಮುಗಿದದ್ದು ಅಂತ ಲೂಕಾಸ್ ಹೇಳಿಕೊಂಡೂ ಇದ್ದಾರೆ. ಆದರೆ ೧೯೮೮ಕ್ಕೆ ಬನ್ನಿ. ಹಳೆಯ ಕಪ್ಪು ಬಿಳುಪು ಚಿತ್ರಗಳಿಗೆ ಬಣ್ಣ ಬಳಿಯುವ ದಂಧೆ ಅಮೆರಿಕದಲ್ಲಿ ಜೋರಾಗಿತ್ತು. ಅದರ ವಿರುದ್ಧ ಅಲ್ಲಿನ ಕಾಂಗ್ರೆಸ್ ಮುಂದೆ ಹೋಗಿ, ಕಲಾಕೃತಿಗಳನ್ನು ತಿರುಚುವವರು ಅನಾಗರಿಕರು ಎಂದು ಗುಡುಗಿದವರು ಯಾರು? ಇದೇ ಜಾರ್ಜ್ ಲೂಕಾಸ್! ಬೇರೆಯವರು ಮಾಡಿದರೆ ಅನಾಚಾರ, ತಾನು ಮಾಡಿದರೆ ಪರಿಷ್ಕಾರ ಅಂತ ಅಭಿಮಾನಿಗಳು ಅವರ ಮಾತನ್ನು ಅವರಿಗೇ ತಿರುಗಿಸಿ ಕೊಡ್ತಾ ಇದ್ದಾರೆ.

ಬಣ್ಣ ಬಳಿಯೋದು ಅಂದಾಗ ನಮ್ಮ ನೆನಪಿಗೆ ಬರೋದು ಅಣ್ಣಾವ್ರ ಚಿತ್ರಗಳು ತಾನೆ? ೧೯೬೫ರ ‘ಸತ್ಯ ಹರಿಶ್ಚಂದ್ರ’ ೨೦೦೮ರಲ್ಲಿ ಬಣ್ಣ ತೊಟ್ಟು ಬಂತು, ೧೯೭೧ರ ‘ಕಸ್ತೂರಿ ನಿವಾಸ’ ೨೦೧೪ರಲ್ಲಿ. ಥಿಯೇಟರ್ ಮುಂದೆ ಕಟೌಟು, ಹಾಲಿನ ಅಭಿಷೇಕ, ಹಬ್ಬವೋ ಹಬ್ಬ. ಇಲ್ಲಿ ಜಗಳ ಆಗಲಿಲ್ಲ, ಯಾಕೆ? ಕಪ್ಪು ಬಿಳುಪಿನ ‘ಕಸ್ತೂರಿ ನಿವಾಸ’ ಎಲ್ಲಿಗೂ ಹೋಗಲಿಲ್ಲ, ಇವತ್ತೂ ನೋಡಬಹುದು. ಬಣ್ಣ ಬೇಕಾದವನಿಗೆ ಬಣ್ಣ, ಬೇಡವಾದವನಿಗೆ ಹಳೆಯದು. ‘ಸ್ಟಾರ್ ವಾರ್ಸ್’ನಲ್ಲಿ ಆ ಆಯ್ಕೆಯೇ ಇಲ್ಲದಂತಾಯಿತು. ೨೦೦೬ರಲ್ಲಿ ಮೂಲ ಚಿತ್ರಗಳನ್ನು ಡಿವಿಡಿ ಜೊತೆ ಹೆಚ್ಚುವರಿ ಡಿಸ್ಕಾಗಿ ಕೊಟ್ಟರು ನಿಜ. ಆದರೆ ೧೯೯೩ರ ಲೇಸರ್‌ಡಿಸ್ಕಿಗೆ ಮಾಡಿದ್ದ ಹಳೇ ಮಾಸ್ಟರಿನಿಂದ! ಮಸುಕು ಚಿತ್ರ. ಹಳಸಿದ ಅನ್ನ ಬಡಿಸಿ ಊಟ ಆಯ್ತಾ ಅಂದ ಹಾಗೆ. ಕೊನೆಗೆ ಅಭಿಮಾನಿಗಳೇ ಹಳೆಯ ೩೫ ಎಂಎಂ ಪ್ರಿಂಟುಗಳನ್ನು ಹುಡುಕಿ, ಒಂದೊಂದೇ ಫ್ರೇಮಿನ ಧೂಳು ಗೀರು ಒರೆಸಿ, ತಮ್ಮ ಖರ್ಚಿನಲ್ಲಿ ಮೂಲ ಚಿತ್ರ ಕಟ್ಟಲು ಕೂತರು. ಕಾನೂನಿನ ಕಣ್ಣಿಗೆ ಅದು ಕಳ್ಳಮಾಲು, ಅವರ ಕಣ್ಣಿಗೆ ಪೂಜೆ.

ಈ ನಡುವೆ ೧೯೯೯ರಲ್ಲಿ ಬಂದ ‘ದಿ ಫ್ಯಾಂಟಮ್ ಮೆನೇಸ್’ ಬಗ್ಗೆ ಒಂದು ಮಾತು. ಅದರ ಕತ್ತಿಕಾಳಗದಲ್ಲಿ ಕೋರಸ್ಸು ಅಬ್ಬರಿಸುವುದು ನಮ್ಮ ಸಂಸ್ಕೃತದಲ್ಲಿ! ಹಳೆಯ ವೆಲ್ಷ್ ಕಾವ್ಯವೊಂದರ ಸಾಲಿನ ಇಂಗ್ಲಿಷ್ ರೂಪವನ್ನು ವಿಲಿಯಮ್ಸ್ ಸಂಸ್ಕೃತಕ್ಕೆ ತಿರುಗಿಸಿಕೊಂಡು, ಅಕ್ಷರಗಳ ನಾದಕ್ಕೆ ತಕ್ಕ ಹಾಗೆ ಬಿಡಿಸಿ ಹಾಡಿಸಿದರು. ನಮ್ಮ ಶಾಸ್ತ್ರಿಗಳು ಕಿವಿಗೊಟ್ಟು ಕೂತರೂ ಅರ್ಥ ಸಿಗಲ್ಲ ಬಿಡಿ. ಆದರೆ ವಿಲಿಯಮ್ಸ್ ಸಂಗೀತ ಮುಗಿಸಿದ ಮೇಲೆ ಕೊನೇ ಯುದ್ಧದ ಎಡಿಟಿಂಗ್ ಮತ್ತೆ ಬದಲಾಯಿತು. ದೃಶ್ಯಕ್ಕೆ ಅಳತೆ ಹಾಕಿ ಹೊಲಿದ ಸಂಗೀತಕ್ಕೆ ಕತ್ತರಿ ಬಿತ್ತು, ಅಲ್ಲಿಂದಿಲ್ಲಿಗೆ ತೇಪೆ ಬಿತ್ತು. ಎಲ್‌ಪಿ ಕಾಲದ ಅಭಿಮಾನಿಗೆ ಒಂದು ಅಳತೆ ತಪ್ಪಿದರೂ ಗೊತ್ತಾಗದೇ ಇರುತ್ತಾ?

೨೦೧೨ರಲ್ಲಿ ಲೂಕಾಸ್ ಕಂಪನಿಯನ್ನೇ ಡಿಸ್ನಿಗೆ ಮಾರಿದರು, ನಾನೂರು ಕೋಟಿ ಡಾಲರ್‌ಗೂ ಮಿಕ್ಕಿದ ವ್ಯವಹಾರ. ೨೦೧೫ರ ‘ದಿ ಫೋರ್ಸ್ ಅವೇಕನ್ಸ್’ ಶುರುವಾದಾಗ ಫಾಕ್ಸ್ ಡೋಲಿಲ್ಲ. ನಿಶ್ಶಬ್ದದಿಂದ ನೇರವಾಗಿ ಕಹಳೆ. ವಿಲಿಯಮ್ಸ್ ಇದ್ದರು, ಲಂಡನ್ ಸಿಂಫನಿ ಇರಲಿಲ್ಲ. ಧ್ವನಿಮುದ್ರಣ ಲಾಸ್ ಏಂಜಲೀಸ್‌ನಲ್ಲಿ. ೨೦೧೬ರ ‘ರೋಗ್ ಒನ್’ಗೆ ಮೈಕೆಲ್ ಜಕೀನೊ ಕೊನೇ ಗಳಿಗೆಯಲ್ಲಿ ಬಂದು ಐದು ವಾರದೊಳಗೆ ಸಂಗೀತ ಬರೆದುಕೊಟ್ಟರು. ೨೦೧೯ರಲ್ಲಿ ಶುರುವಾದ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿಯಲ್ಲಿ ಲುಡ್ವಿಗ್ ಗೋರಾನ್ಸನ್ ಹಳೆಯದನ್ನು ನಕಲು ಹೊಡೆಯದೆ ರೆಕಾರ್ಡರ್ ಕೊಳಲೊಂದನ್ನು ಹಿಡಿದು ಹೊಸ ದಾರಿ ಮಾಡಿಕೊಂಡರು. ಆ ಧೈರ್ಯಕ್ಕೆ ಸಲಾಂ. ಬದಲಾವಣೆ ಬೇಡ ಅಂತ ಯಾರು ಹೇಳಿದ್ದು? ಹೊಸ ಮನೆಗೆ ಹೊಸ ಬಣ್ಣ ಹಚ್ಚಿ, ಹಳೇ ಮನೆ ಕೆಡವಬೇಡಿ ಅಂತ ತಾನೆ ಇವರು ಅಂಗಲಾಚುತ್ತಿರೋದು?

೨೦೨೫ರ ಜೂನಿನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಒಂದು ಸಾಹಸ ಮಾಡಿತು. ೧೯೭೭ರ ಮೂಲ ಟೆಕ್ನಿಕಲರ್ ಪ್ರಿಂಟನ್ನು ಹೊರತೆಗೆದು ಪ್ರೊಜೆಕ್ಟರಿಗೆ ಏರಿಸಿತು. ಹ್ಯಾನ್ ಸೋಲೋ ಒಬ್ಬನೇ ಗುಂಡು ಹಾರಿಸಿದ, ಗ್ರೀಡೋ ಸತ್ತ. ಬಳಿಕ ಲೂಕಾಸ್‌ಫಿಲ್ಮ್ ಕಂಪನಿಯೂ ಬಾಯಿ ಬಿಟ್ಟಿತು: ಐವತ್ತನೇ ವರ್ಷದ ನೆಪದಲ್ಲಿ ೨೦೨೭ರಲ್ಲಿ ೧೯೭೭ರ ಮೂಲ ಚಿತ್ರವನ್ನೇ ಶುದ್ಧಮಾಡಿ ಥಿಯೇಟರಿಗೆ ತರುತ್ತೇವೆ ಎಂದು ಪ್ರಕಟಿಸಿತು. ಹಳೇ ಅಭಿಮಾನಿಗಳು ಕುಣಿದಾಡಿದರು. ಆದರೆ ಆ ಪ್ರಕಟಣೆಯಲ್ಲಿ ಇದ್ದದ್ದು ಮೊದಲ ಚಿತ್ರದ ಮಾತು. ಕರಡಿಮರಿಗಳ ಹಾಡಿರುವುದು ಮೂರನೆಯದರಲ್ಲಿ. ಅದಕ್ಕೆ ಐವತ್ತು ತುಂಬೋದು ೨೦೩೩ರಲ್ಲಿ!