ರಕ್ತದೊತ್ತಡದ ಯಂತ್ರದೊಳಗಿನ ಲೆಕ್ಕಾಚಾರ

ರಕ್ತದೊತ್ತಡವನ್ನು ಅಳೆಯುವ ವಿದ್ಯುನ್ಮಾನ ಯಂತ್ರವು ಇಂದು ನಮ್ಮ ಅನೇಕ ಮನೆಗಳಲ್ಲಿ ಕಾಣಬರುತ್ತದೆ. ಅದು ತೋರಿಸಿದ ಅಂಕಿಯನ್ನೇ ನಂಬಿ ಮಾತ್ರೆಯ ಪ್ರಮಾಣವನ್ನು ತಾವೇ ಹೆಚ್ಚು ಕಡಿಮೆ ಮಾಡಿಕೊಳ್ಳುವವರೂ ಉಂಟು. ಆದುದರಿಂದ ಆ ಅಂಕಿ ಹೇಗೆ ಹುಟ್ಟುತ್ತದೆ, ಎಲ್ಲಿ ತಪ್ಪಬಹುದು ಎಂಬುದನ್ನು ಅರಿತಿರುವುದು ಹಿತಕರ. 1967ರಲ್ಲಿ ಡಾ. ಎ. ಎಸ್. ರಾವ್ ಅವರ ಮುಂದಾಳತ್ವದಲ್ಲಿ ಇ.ಸಿ.ಐ.ಎಲ್. ಸಂಸ್ಥೆಯನ್ನು ಕಂಡ ಹೈದರಾಬಾದಿಗೆ ವಿದ್ಯುನ್ಮಾನದ ಮಾತು ಹೊಸದೇನಲ್ಲ. ಇಂಜಿನಿಯರಿಂಗ್ ಓದುವ ಮಕ್ಕಳು ಇಂಥ ಯಂತ್ರದ ಮಾದರಿಗಳನ್ನು ತಾವೇ ತಯಾರಿಸುವುದೂ ಉಂಟು.

ತೋಳಿಗೆ ಸುತ್ತಿದ ಪಟ್ಟಿಯೊಳಗಿನ ಗಾಳಿಯ ಒತ್ತಡವನ್ನು ಸೆನ್ಸರ್ ಎಂಬ ಬಿಡಿಭಾಗವು ವೋಲ್ಟೇಜನ್ನಾಗಿ ಮಾರ್ಪಡಿಸುತ್ತದೆ. ಅದನ್ನು ಅಂಕಿಯಾಗಿಸುವುದು ಮೈಕ್ರೋಕಂಟ್ರೋಲರ್ ಎಂಬ ಚಿಪ್. ಇಂದಿನ ಅನೇಕ ಚಿಪ್‌ಗಳು 3.3 ವೋಲ್ಟಿನಲ್ಲಿ ಕೆಲಸ ಮಾಡುತ್ತವೆ. ಸೆನ್ಸರ್ 5 ವೋಲ್ಟಿನವರೆಗೆ ಕೊಡುವಂಥದಾದರೆ, 3.3ನ್ನು ಮೀರಿದ್ದೆಲ್ಲವೂ ಒಂದೇ ಅಂಕಿಯಾಗಿ ಕಾಣುತ್ತದೆ, ಚಿಪ್ ಕೆಡಲೂಬಹುದು.

ಇದಕ್ಕೆ ಮೊದಲ ಪರಿಹಾರ ವೋಲ್ಟೇಜನ್ನು ಕುಗ್ಗಿಸುವುದು. 10,000 ಓಮಿನ ಮತ್ತು 18,000 ಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ, ಎರಡನೆಯದರ ಪಾಲನ್ನು ಮಾತ್ರ ತೆಗೆದುಕೊಂಡರೆ 28ರಲ್ಲಿ 18 ಭಾಗ ದೊರೆಯುತ್ತದೆ. ಆಗ 5 ವೋಲ್ಟ್ ಸುಮಾರು 3.2 ವೋಲ್ಟ್ ಆಗುತ್ತದೆ. ಇದು ವಿದೇಶೀ ಹಣದ ವಿನಿಮಯ ದರದಂತೆ. ದರ ತಿಳಿದಿದ್ದರೆ ಮೂಲ ಮೊತ್ತವನ್ನು ಮರಳಿ ಲೆಕ್ಕ ಹಾಕಬಹುದು. ಸೆನ್ಸರ್ ಕೆಲವೇ ಮಿಲಿವೋಲ್ಟ್ ಕೊಡುವಂಥದಾದರೆ, ಇದಕ್ಕೆ ವಿರುದ್ಧವಾಗಿ, ಆಂಪ್ಲಿಫೈಯರಿನಿಂದ ಹಿಗ್ಗಿಸಬೇಕಾಗುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯದು. ಪ್ರತಿ ಸಲ ಅಳೆಯುವಾಗಲೂ ಚಿಪ್‌ನೊಳಗಿನ ಪುಟ್ಟ ಕೆಪಾಸಿಟರೊಂದು ಕ್ಷಣಮಾತ್ರದಲ್ಲಿ ತುಂಬಿಕೊಳ್ಳಬೇಕು. ಬ್ಯಾಟರಿ ಉಳಿಸಲೆಂದು ರೆಸಿಸ್ಟರುಗಳನ್ನು ಬಹಳ ದೊಡ್ಡದಾಗಿ ಆರಿಸಿದರೆ, ಅದು ಪೂರ್ತಿ ತುಂಬುವ ಮೊದಲೇ ಅಳತೆ ಮುಗಿದುಹೋಗುತ್ತದೆ. ಹೀಗೆ ಅಳತೆಯು ಶೇಕಡಾ 5ರಷ್ಟು ಕಡಿಮೆಯಾದರೂ 140 ಇರಬೇಕಾದ ಒತ್ತಡವು 133 ಎಂದು ತೋರುತ್ತದೆ. ವೈದ್ಯರನ್ನು ಕಾಣಬೇಕಾದವರು ಸಮಾಧಾನದಿಂದ ಮನೆಯಲ್ಲೇ ಕುಳಿತುಬಿಡಬಹುದು.

ಈ ಕೊರತೆಯನ್ನು ನೀಗಿಸುವುದೇ ಬಫರ್. ಇದು ಆಪರೇಷನಲ್ ಆಂಪ್ಲಿಫೈಯರಿನ ಒಂದು ಸರಳ ಜೋಡಣೆ. ರೆಸಿಸ್ಟರುಗಳಿಂದ ಬಹುತೇಕ ಏನನ್ನೂ ಸೆಳೆದುಕೊಳ್ಳದೆ, ಅಲ್ಲಿನ ವೋಲ್ಟೇಜನ್ನು ಗಮನಿಸಿ, ಅಷ್ಟನ್ನೇ ತನ್ನ ಸ್ವಂತ ವಿದ್ಯುತ್ ಪೂರೈಕೆಯಿಂದ ಚಿಪ್‌ಗೆ ಒದಗಿಸುತ್ತದೆ. ಗಿರಾಕಿಯ ಚೆಕ್ಕನ್ನು ನೋಡಿ ಬ್ಯಾಂಕು ತನ್ನ ತಿಜೋರಿಯಿಂದ ನಗದು ಕೊಡುವಂತೆ ಇದರ ಕೆಲಸ. ಬಫರಿಗೂ 3.3 ವೋಲ್ಟಿನ ಪೂರೈಕೆಯನ್ನೇ ಕೊಟ್ಟರೆ ಅದು ಆ ಮಿತಿಯನ್ನು ಮೀರಲಾರದು. ಹೀಗೆ ಚಿಪ್‌ಗೂ ರಕ್ಷಣೆ ದೊರೆಯುತ್ತದೆ.

ಯಂತ್ರದೊಳಗಿನ ಈ ಎಚ್ಚರಿಕೆಯ ಜೊತೆಗೆ ನಮ್ಮ ಎಚ್ಚರಿಕೆಯೂ ಅಗತ್ಯ. ಬ್ಯಾಟರಿ ಸೊರಗಿದ ಸೂಚನೆ ಕಂಡೊಡನೆ ಬದಲಾಯಿಸಬೇಕು. ಐದು ನಿಮಿಷ ವಿಶ್ರಮಿಸಿ, ತೋಳನ್ನು ಹೃದಯದ ಮಟ್ಟದಲ್ಲಿರಿಸಿ ಅಳೆಯಬೇಕು. ಬ್ಯಾಂಕಿನಲ್ಲಿ ನಗದನ್ನು ಪುಸ್ತಕದೊಡನೆ ತಾಳೆ ನೋಡುವಂತೆ, ವರ್ಷಕ್ಕೊಮ್ಮೆಯಾದರೂ ಮನೆಯ ಯಂತ್ರವನ್ನು ವೈದ್ಯರ ಉಪಕರಣದೊಡನೆ ಹೋಲಿಸಿ ನೋಡಬೇಕು. ಮಕ್ಕಳು ತಯಾರಿಸಿದ ಮಾದರಿಯನ್ನು ಮನಸಾರೆ ಮೆಚ್ಚೋಣ. ಆದರೆ ಮಾತ್ರೆಯ ನಿರ್ಧಾರವನ್ನು ಅದಕ್ಕೆ ಒಪ್ಪಿಸದೆ ವೈದ್ಯರಿಗೇ ಬಿಡೋಣ.