ಕೇದಾರಕ್ಕೆ ಹೊರಡುವ ಮುನ್ನ

ವೀರಶೈವರ ಪಂಚಪೀಠಗಳಲ್ಲೊಂದು ಕೇದಾರ. ಹಾಗಾಗಿ ಬೀದರ್ ಜಿಲ್ಲೆಯ ಮುಡಬಿಯ ಸುಡುಬಿಸಿಲಿನಿಂದ ಎದ್ದು, ನೆಂಟರ ಮನೆಗೆ ಹೊರಟಂತೆ ಒಂದು ಶಾಲು, ಒಂದು ಸ್ವೆಟರ್ ಹಿಡಿದು ಹೊರಡುವವರಿದ್ದಾರೆ. ‘ಮೇ ತಿಂಗಳಾಗ ಅಲ್ಲೆಂಥ ಥಂಡಿ?’ ಎಂಬುದೇ ಮೊದಲ ತಪ್ಪು. ಕೇದಾರನಾಥ ಇರುವುದು 3,583 ಮೀಟರ್ ಎತ್ತರದಲ್ಲಿ; ಮೇನಲ್ಲೂ ಅಲ್ಲಿ ಹಿಮ ಬೀಳುವುದುಂಟು. 2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡದಲ್ಲಿ 9 ಮಂದಿ ತೀರಿಕೊಂಡರು.

‘ಗಟ್ಟಿ ಜೀವವಾದರೆ ಹಿಮದಡಿ ಹೂತರೂ ಬದುಕುತ್ತದೆ’ ಎನ್ನುವವರು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರನ್ನು ನೆನೆಯುತ್ತಾರೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕ ಅವರು ಆರನೇ ದಿನ ಜೀವಂತ ಸಿಕ್ಕಿದ್ದು ನಿಜ. ಅವರ ಒಂಬತ್ತು ಸಂಗಾತಿಗಳು ಉಳಿಯಲಿಲ್ಲ, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ಹೋದರು. ಪೂರ್ತಿ ಹೂತವರನ್ನು ಹತ್ತು–ಹದಿನೈದು ನಿಮಿಷದೊಳಗೆ ಹೊರತೆಗೆದರೆ ಉಳಿಯುವ ಆಸೆ ಹೆಚ್ಚು. ಅರ್ಧ ಗಂಟೆ ಕಳೆದರೆ ಹೆಚ್ಚಿನವರು ಉಸಿರುಗಟ್ಟಿರುತ್ತಾರೆ. ಕೂಗಿದರೆ ಹಿಮ ಕುಸಿಯುತ್ತದೆ ಎಂಬುದು ಸಿನಿಮಾ ಮಾತು.

ಯಾತ್ರಿಕರಿಗೆ ನಿಜವಾದ ಅಪಾಯ ಒದ್ದೆ ಬಟ್ಟೆ ಮತ್ತು ಗಾಳಿ. ಥಂಡಿ ಹಿಡಿದಾಗ ‘ಒಂದು ಪೆಗ್ ರಮ್ ಹಾಕಿದರೆ ಮೈ ಬಿಸಿಯಾಗುತ್ತದೆ’ ಎಂಬ ಸಲಹೆ ಬರುತ್ತದೆ. ಯಾತ್ರೆಗೆ ಹೋದವರು ಕುಡಿಯುವುದಿಲ್ಲವೆಂದೇ ನಂಬೋಣ. ಆದರೆ ಔಷಧಿ ಎಂದು ಜೊತೆಗಾರನ ಬಾಯಿಗೆ ಸುರಿಯುವವರಿದ್ದಾರೆ! ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬಿಸಿಯೆನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಸೋರಿಹೋಗುತ್ತದೆ.

ಇದಕ್ಕಿಂತ ಮೋಸದ್ದು, ‘ನಡುಕ ನಿಂತಿತು, ಸುಧಾರಿಸಿದ’ ಎಂಬ ಸಮಾಧಾನ. ಮೈ ಇನ್ನೂ ತಣ್ಣಗಿದ್ದು ನಡುಕ ನಿಂತರೆ ದೇಹ ಸೋಲುತ್ತಿದೆ ಎಂದರ್ಥ. ಅದಕ್ಕೂ ಮೊದಲೇ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಗುಂಡಿ ಹಾಕಿಕೊಳ್ಳಲು ಬೆರಳು ಬಗ್ಗುವುದಿಲ್ಲ. ಕೆಲವರು ಸೆಕೆಯೆಂದು ಅಂಗಿಯನ್ನೇ ಕಿತ್ತೆಸೆಯುತ್ತಾರೆ. ಅಂಥವರನ್ನು ಗಾಳಿಯ ಮರೆಗೆ ತಂದು ಒದ್ದೆ ಬಟ್ಟೆ ತೆಗೆಯಬೇಕು, ನೆಲದ ಥಂಡಿ ತಾಗದಂತೆ ಅಡಿಗೆ ದಪ್ಪಗೆ ಹಾಸಿ ಮಲಗಿಸಿ ಒಣ ಕಂಬಳಿ ಸುತ್ತಬೇಕು. ಎಚ್ಚರವಿದ್ದು ನುಂಗಬಲ್ಲರೆ ಬಿಸಿ ಸಿಹಿ ಚಹಾ ಕೊಡಿ. ಕೈಕಾಲು ತಿಕ್ಕಬೇಡಿ, ಎಬ್ಬಿಸಿ ನಡೆಸಬೇಡಿ.

ಬೆರಳು ಬಿಳಿಚಿ ಮರಗಟ್ಟಿದರೆ ಹಿಮದಿಂದ ಉಜ್ಜುವುದು, ಬೆಂಕಿಗೆ ಹಿಡಿಯುವುದು ಎರಡೂ ಕೇಡು. ಸ್ಪರ್ಶವಿಲ್ಲದ ಚರ್ಮಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಉಗುರುಬೆಚ್ಚನೆಯ ನೀರಲ್ಲಿ ಅದ್ದಿಡಿ; ಅದೂ ಬೆರಳು ಮತ್ತೆ ಹೆಪ್ಪುಗಟ್ಟದಂಥ ಜಾಗ ತಲುಪಿದ ಮೇಲೆಯೇ.