ಅಳತೆಗೆ ಹೊಲಿದ ಪೆನ್ನು

ಅಡಿಕೆ ಮಂಡಿಗಳಲ್ಲಿ ಹಿಂದೆ ಲೆಕ್ಕದ ಪುಸ್ತಕಕ್ಕೆ ಗೆರೆ ಎಳೆಯಲು ದುಂಡನೆಯ ರೂಲುದೊಣ್ಣೆ ಇರುತ್ತಿತ್ತು. ಬೀಟೆ ಮರದ್ದು, ಒಂದಡಿ ಉದ್ದ, ಗುಮಾಸ್ತರ ಅಂಗೈಯಲ್ಲಿ ಉರುಳಿ ಉರುಳಿ ಎಣ್ಣೆ ಕುಡಿದ ಹಾಗೆ ಮಿರುಗುತ್ತಿತ್ತು. ಇದೇ ದೊಣ್ಣೆ ಶಾಲೆಗಳಲ್ಲಿ ಗೆರೆ ಎಳೆದದ್ದಕ್ಕಿಂತ ಹುಡುಗರ ಬೆರಳ ಗೆಣ್ಣು ಕುಟ್ಟಿದ್ದೇ ಹೆಚ್ಚು. ಅಂಥದ್ದೊಂದು ನಮ್ಮ ಮನೆಯ ಅಟ್ಟದ ಮೇಲೆ ಬಹಳ ವರ್ಷ ಬಿದ್ದಿತ್ತು. ಗೆಳೆಯನೊಬ್ಬನ ಗ್ಯಾರೇಜಿನಲ್ಲಿದ್ದ ಪುಟ್ಟ ಲೇತನ್ನು ನೋಡಿಬಂದ ದಿನ ಅದರ ನೆನಪಾಯಿತು. ಬರೆಯುವವರ ಕೈಯಲ್ಲೇ ಇದ್ದ ಮರ, ಪೆನ್ನೇ ಆಗಲಿ ಅನ್ನಿಸಿತು. ಟಿಕ್ ಎಂದು ಒತ್ತಿದರೆ ಮೂತಿ ಹೊರಹಾಕುವ, ಜೇಬಿನಲ್ಲಿ ಉಬ್ಬಿ ಕಾಣದ, ತೆಳ್ಳಗಿನ ಪೆನ್ನು.

ಕೈಯಲ್ಲಿ ಪೆನ್ನು ಮಾಡುವುದು ನಮ್ಮ ಕಡೆಗೆ ಹೊಸದೇನಲ್ಲ. ರಾಜಮಂಡ್ರಿಯ ರತ್ನಂ ಪೆನ್ನುಗಳು ಸ್ವದೇಶಿ ಚಳವಳಿಯ ಕಾಲದವು. ತಮಿಳುನಾಡಿನ ತಿರುವಳ್ಳೂರಿನಲ್ಲಿ ಇಂದಿಗೂ ಎಬೊನೈಟ್ ಸರಳುಗಳನ್ನು ಲೇತಿಗೆ ಕೊಟ್ಟು ಪೆನ್ನು ತೆಗೆಯುತ್ತಾರೆ. ಆದರೆ ಅವು ಹೆಚ್ಚಾಗಿ ಇಂಕು ಪೆನ್ನುಗಳು. ಕ್ಲಿಕ್ ಪೆನ್ನೆಂದರೆ ಕಾರ್ಖಾನೆಯದು, ಪ್ಲಾಸ್ಟಿಕ್ಕಿನದು, ಮುಗಿದರೆ ಎಸೆಯುವಂಥದ್ದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಬಾಲ್‌ಪೆನ್ ಹುಟ್ಟಿದಾಗ ಹಾಗಿರಲಿಲ್ಲ. ಹಂಗೆರಿಯ ಪತ್ರಕರ್ತ ಲಾಸ್ಲೊ ಬಿರೊ ಅದನ್ನು ರೂಪಿಸಿದ ಕೆಲ ವರ್ಷಗಳಲ್ಲೇ, 1945ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನ ಗಿಂಬೆಲ್ಸ್ ಮಳಿಗೆಯಲ್ಲಿ ಒಂದು ಬಾಲ್‌ಪೆನ್ನಿಗೆ 12.50 ಡಾಲರ್ ಕೊಟ್ಟು ಜನ ಮುಗಿಬಿದ್ದು ಕೊಂಡಿದ್ದರು.

ಹವ್ಯಾಸಿಗಳಿಗೆಂದೇ ಈಗ ಪೆನ್ ಕಿಟ್‌ಗಳು ಸಿಗುತ್ತವೆ. ಮೂತಿ, ಕ್ಲಿಪ್ಪು, ಹಿತ್ತಾಳೆ ನಳಿಕೆ, ಯಂತ್ರ ಎಲ್ಲ ಒಂದೇ ಪೊಟ್ಟಣದಲ್ಲಿ. ಮರದ ತುಂಡಿಗೆ ರಂಧ್ರ ಕೊರೆದು, ನಳಿಕೆ ಅಂಟಿಸಿ, ಹೊರಗನ್ನು ಕಡೆದು ಜೋಡಿಸಿದರೆ ಒಂದು ಮಧ್ಯಾಹ್ನದಲ್ಲಿ ಪೆನ್ನು ತಯಾರು. ಪೊಟ್ಟಣದ ಸಾರಿನ ಪುಡಿಯ ಹಾಗೆ: ಕೆಟ್ಟದ್ದಲ್ಲ, ಆದರೆ ಯಾರ ಮನೆಯಲ್ಲಿ ಉಂಡರೂ ಒಂದೇ ರುಚಿ. ಸ್ಲಿಮ್‌ಲೈನ್ ಎಂಬ ಜನಪ್ರಿಯ ಕಿಟ್ ತೆಳ್ಳಗಿರುತ್ತದೆ ನಿಜ, ಆದರೆ ಅದು ತಿರುಚುವ ಪೆನ್ನು. ಕ್ಲಿಕ್ ಕಿಟ್‌ಗಳು ಸಾಮಾನ್ಯವಾಗಿ ದಪ್ಪ. ತೆಳ್ಳಗಿನ ಕ್ಲಿಕ್ ಪೆನ್ನೇ ಬೇಕೆಂದು ಹಟ ಹಿಡಿದವರು ಬಿಡಿಭಾಗಗಳನ್ನು ತಾವೇ ಮಾಡಿಕೊಳ್ಳಬೇಕಾಗುತ್ತದೆ.

“ಲೇತಿನ ಮಾತು ಆಮೇಲೆ ಮಾರಾಯ, ಮೊದಲು ಅಳೆಯೋಕೆ ಒಂದು ವರ್ನಿಯರ್ ತಗೋ. ಅದಕ್ಕೂ ಮೊದಲು ಯಾವ ರೀಫಿಲ್ಲು ಅಂತ ಹೇಳು,” ಎಂದ ಗೆಳೆಯ. ನಾನು ಮರದ ಬಗ್ಗೆ ಮಾತಾಡಲು ಹೋಗಿದ್ದೆ. ಆದರೆ ದರ್ಜಿ ಮೊದಲು ಹಿಡಿಯುವುದು ಬಟ್ಟೆಯನ್ನಲ್ಲ, ಅಳತೆಯ ಟೇಪನ್ನು. ಪೆನ್ನೆಂದರೆ ರೀಫಿಲ್ಲಿಗೆ ಹೊಲಿದ ಅಂಗಿ. ಬಹುವರ್ಣದ ಪೆನ್ನುಗಳಲ್ಲಿ ಬರುವ ‘ಡಿ1’ ರೀಫಿಲ್ 67 ಮಿಲಿಮೀಟರ್ ಉದ್ದ, ಕಡ್ಡಿಯಷ್ಟೇ ದಪ್ಪ. ಪೆನ್ನು ಎಷ್ಟು ಬೇಕಾದರೂ ತೆಳ್ಳಗಾದೀತು, ಆದರೆ ಶಾಯಿ ಬೇಗ ಮುಗಿಯುತ್ತದೆ. ಪಾರ್ಕರ್ ಮಾದರಿಯ ‘ಜಿ2’ ರೀಫಿಲ್ 98 ಮಿಲಿಮೀಟರ್ ಉದ್ದ, ಹೆಚ್ಚುಕಡಿಮೆ 6 ಮಿಲಿಮೀಟರ್ ದಪ್ಪ. ಹೆಚ್ಚಿನ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ, ಹತ್ತಾರು ಕಂಪನಿಗಳು ಅದೇ ಅಳತೆಯಲ್ಲಿ ಮಾಡುತ್ತವೆ. ನಾನು ಎರಡನೆಯದನ್ನೇ ಆರಿಸಿದೆ.

ಇನ್ನು ಲೆಕ್ಕ. ಆರು ಮಿಲಿಮೀಟರಿನ ರೀಫಿಲ್ ಓಡಾಡಲು ಹೊರವ್ಯಾಸ ಏಳು ಮಿಲಿಮೀಟರಿನ ಹಿತ್ತಾಳೆ ನಳಿಕೆ ಬೇಕು. ಪೆನ್ನಿನ ದಪ್ಪ ಒಂಬತ್ತೂವರೆಗೆ ನಿಲ್ಲಬೇಕೆಂದರೆ ಮರಕ್ಕೆ ಉಳಿಯುವುದು ಸುತ್ತಲೂ ಒಂದೂಕಾಲು ಮಿಲಿಮೀಟರ್ ಮಾತ್ರ. ನಮ್ಮ ದೊಣ್ಣೆಯ ಬಹುಪಾಲು ಪುಡಿಯಾಗಿ ನೆಲಕ್ಕೆ ಬೀಳುವುದೆಂದು ಕಾಗದದ ಮೇಲೇ ಗೊತ್ತಾಯಿತು. ಭಾಗಗಳನ್ನು ತಿರುಗಿಸಿ ಕೂಡಿಸುವ ಥ್ರೆಡ್ಡಿನದು ಇನ್ನೊಂದು ತಕರಾರು. ಒಂದು ಮಿಲಿಮೀಟರ್ ಅಂತರದ ಸಾಮಾನ್ಯ ಥ್ರೆಡ್ಡು ಲೋಹವನ್ನು ಅರ್ಧ ಮಿಲಿಮೀಟರಿಗಿಂತ ಆಳಕ್ಕೆ ತಿನ್ನುತ್ತದೆ. ಇಷ್ಟು ತೆಳುವಾದ ಗೋಡೆಯಲ್ಲಿ ಅಷ್ಟು ಹೋದರೆ ಉಳಿಯುವುದೇನು? ಹಾಗಾಗಿ ಅರ್ಧ ಮಿಲಿಮೀಟರ್ ಅಂತರದ ಸಣ್ಣ ಥ್ರೆಡ್ಡೇ ಗತಿ.

ಕ್ಲಿಕ್ ಯಂತ್ರವನ್ನು ಮಾತ್ರ ನಾವು ಮಾಡಲಿಲ್ಲ, ಕೊಂಡೆವು. ಜರ್ಮನಿಯ ಷ್ಮಿಟ್ ಕಂಪನಿ ಇದನ್ನು ಬಿಡಿಯಾಗಿಯೇ ಮಾರುತ್ತದೆ, ಲೋಹದ ಪೆನ್ನು ಮಾಡುವ ಎಷ್ಟೋ ಜನ ಅದನ್ನೇ ಕೂರಿಸುತ್ತಾರೆ. ಅದರೊಳಗಿನ ಕರಾಮತ್ತು ನೋಡಬೇಕೆಂದರೆ ಮನೆಯಲ್ಲಿರುವ ಯಾವುದಾದರೂ ಹಳೆಯ ಪ್ಲಾಸ್ಟಿಕ್ ಕ್ಲಿಕ್ ಪೆನ್ನು ಬಿಚ್ಚಿದರೆ ಸಾಕು. ಗುಂಡಿಯ ಕೆಳತುದಿಯಲ್ಲಿ ಗರಗಸದಂಥ ಹಲ್ಲುಗಳಿರುತ್ತವೆ. ಅದರ ಕೆಳಗೆ ಸಣ್ಣ ರೆಕ್ಕೆಗಳುಳ್ಳ ಇನ್ನೊಂದು ತುಂಡು. ಪೆನ್ನಿನ ಒಳಗೋಡೆಯಲ್ಲಿ ಉದ್ದುದ್ದ ಕಾಲುವೆಗಳು. ಗುಂಡಿ ಒತ್ತಿದಾಗ ರೆಕ್ಕೆಗಳು ಕಾಲುವೆಯಲ್ಲೇ ಕೆಳಗಿಳಿಯುತ್ತವೆ, ಅಲ್ಲಿರುವವರೆಗೆ ತಿರುಗಲಾರವು. ಕಾಲುವೆ ಮುಗಿದದ್ದೇ ತಡ, ಓರೆಹಲ್ಲಿನ ಮೇಲೆ ಜಾರಿ ಆ ತುಂಡು ಚೂರು ತಿರುಗಿಬಿಡುತ್ತದೆ. ಕೈ ಬಿಟ್ಟರೆ ಸ್ಪ್ರಿಂಗ್ ಮೇಲಕ್ಕೆ ನೂಕುತ್ತದೆ, ಆದರೆ ಈಗ ರೆಕ್ಕೆಯ ಎದುರಿಗಿರುವುದು ಕಾಲುವೆಯಲ್ಲ, ಕಟ್ಟೆ. ಅಲ್ಲೇ ಕೂತುಬಿಡುತ್ತದೆ, ರೀಫಿಲ್ಲಿನ ತುದಿ ಹೊರಗುಳಿಯುತ್ತದೆ. ಮತ್ತೆ ಒತ್ತಿದರೆ ಇನ್ನೊಂದು ಚೂರು ತಿರುಗಿ ಕಾಲುವೆಗೆ ಬೀಳುತ್ತದೆ, ತುದಿ ಒಳಗೆ. ಮೀಟಿಂಗಿನಲ್ಲಿ ಪಕ್ಕದವರು ಟಿಕ್ ಟಿಕ್ ಮಾಡುತ್ತ ತಲೆ ತಿನ್ನುವಾಗ ಇಷ್ಟೆಲ್ಲ ನಡೆಯುತ್ತಿರುತ್ತದೆ. ಪಾರ್ಕರ್ ಕಂಪನಿ 1954ರಲ್ಲಿ ‘ಜಾಟರ್’ ತಂದಾಗ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಒತ್ತಿಗೂ ರೀಫಿಲ್ ಕೂಡ ಸ್ವಲ್ಪ ತಿರುಗುವಂತೆ ಮಾಡಿತ್ತು. ತುದಿಯ ಗುಂಡು ಕೂತ ಗೂಡು ಒಂದೇ ಕಡೆ ಸವೆಯಬಾರದೆಂಬ ಮುಂದಾಲೋಚನೆ. ಆ ಮಾದರಿಯ ರೀಫಿಲ್ಲಿನ ಹಿಂದಲೆಯಲ್ಲಿ ಇಂದಿಗೂ ಕಾಣುವ ಕಚ್ಚುಗಳು ಅದರ ಗುರುತು.

ಯಂತ್ರದ ಮೈ ರೀಫಿಲ್ಲಿಗಿಂತ ದಪ್ಪ. ಅದರ ಮೇಲೆ ಮರ ಹೊದಿಸಿದರೆ ಪೆನ್ನಿನ ತಲೆ ಊದಿಕೊಳ್ಳುತ್ತದೆ. ಆದ್ದರಿಂದ ಮರ ಯಂತ್ರದ ಕೆಳಗೇ ನಿಲ್ಲಲಿ, ಮೇಲಿನ 30 ಮಿಲಿಮೀಟರ್ ಬರೀ ಹಿತ್ತಾಳೆಯದಿರಲಿ ಎಂದು ಗೆಳೆಯ ತೀರ್ಮಾನಿಸಿದ. ಇಡೀ ಪೆನ್ನಿನಲ್ಲಿ ನನಗೆ ತುಂಬ ಹಿಡಿಸಿದ ಬುದ್ಧಿವಂತಿಕೆ ಇದು.

ಒಂದಡಿಯ ದೊಣ್ಣೆಯಿಂದ ಮೂರು ತುಂಡು ಬಂದವು. ಮೊದಲನೆಯದು ರಂಧ್ರ ಕೊರೆಯುವಾಗಲೇ ಹೋಯಿತು. ಡ್ರಿಲ್ ಬಿಟ್ಟನ್ನು ಆಗಾಗ ಹೊರಗೆಳೆದು ಪುಡಿ ಕೊಡವದೆ ನಾನು ಆತುರದಿಂದ ನೂಕಿದೆ, ಒಳಗೆ ಕಾವು ಏರಿ ಮರ ಉದ್ದಕ್ಕೆ ಸೀಳಿತು. ಗ್ಯಾರೇಜಿನ ತುಂಬ ಸುಟ್ಟ ಬೀಟೆಯ ಘಮ. ಎರಡನೆಯದು ನಳಿಕೆ ಅಂಟಿ, ದಪ್ಪ ಹತ್ತು ಮಿಲಿಮೀಟರಿಗೆ ಇಳಿಯುವವರೆಗೂ ಚೆನ್ನಾಗಿತ್ತು. ಆಮೇಲೆ ಟಪ್ ಎಂದಿತು. ಒಳಗೆ ಅಂಗುಲದಷ್ಟು ಜಾಗದಲ್ಲಿ ಅಂಟು ಹರಡಿರಲಿಲ್ಲ, ಆಧಾರವಿಲ್ಲದ ಕಡೆ ಮರದ ಚಕ್ಕೆ ಎದ್ದು ಹಾರಿತು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಮೂರನೆಯ ತುಂಡಿಗೆ ನಳಿಕೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡಿ, ತಿರುಗಿಸುತ್ತ ತಿರುಗಿಸುತ್ತ ಒಳಗಿಳಿಸಿ, ಒಂದು ರಾತ್ರಿ ಹಾಗೇ ಬಿಟ್ಟೆವು.

ಮೂತಿಯ ಕೆಲಸ ಗೆಳೆಯನದು. 18 ಮಿಲಿಮೀಟರಿನ ಹಿತ್ತಾಳೆ ತುಂಡಿಗೆ ಹಿಂದಿನಿಂದ ದೊಡ್ಡ ರಂಧ್ರ, ಒಳಗೆ ಸ್ಪ್ರಿಂಗ್ ಕೂರಲು ಮೆಟ್ಟಿಲು, ಕೊನೆಗೆ ರೀಫಿಲ್ಲಿನ ತುದಿಯಷ್ಟೇ ಅಗಲದ ಕಿಂಡಿ. ಈ ಕಿಂಡಿ ಕೂದಲೆಳೆಯಷ್ಟು ದೊಡ್ಡದಾದರೂ ಬರೆಯುವಾಗ ತುದಿ ಅಲುಗಿ ಟಕಟಕ ಎನ್ನುತ್ತದೆ. ಅಂಗಡಿಯ ಎಷ್ಟೋ ಪೆನ್ನುಗಳ ರೋಗ ಇದೇ. ಉದ್ದದ ಲೆಕ್ಕವೂ ಅಷ್ಟೇ ಬಿಗಿ: ಒಂದು ಮಿಲಿಮೀಟರ್ ಉದ್ದವಾದರೆ ತುದಿ ಕಾಗದಕ್ಕೆ ಸರಿಯಾಗಿ ಎಟುಕದು, ಗಿಡ್ಡವಾದರೆ ಪೂರ್ತಿ ಒಳಹೋಗದೆ ಅಂಗಿಯ ಜೇಬಿಗೆ ನೀಲಿ ಹಚ್ಚೆ ಹಾಕುತ್ತದೆ. ಬೇಕೆಂದೇ ಚೂರು ಉದ್ದವಿಟ್ಟು, ಹಾಕಿ ನೋಡಿ, ತೆಗೆದು ಉಜ್ಜಿ, ಮತ್ತೆ ಹಾಕಿ ನೋಡಿ ಒಂದು ಭಾನುವಾರ ಕಳೆಯಿತು.

ಹೊಳಪಿನ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಒಮ್ಮತವಾಗಲಿಲ್ಲ. ಹವ್ಯಾಸಿಗಳು ಕ್ಷಣದಲ್ಲಿ ಒಣಗುವ ಸೂಪರ್ ಗ್ಲೂವನ್ನೇ ಪದರ ಪದರವಾಗಿ ಹಚ್ಚಿ ಉಜ್ಜುತ್ತಾರೆ. ಗಾಜಿನಂಥ ಮಿಂಚು ಬರುತ್ತದೆ, ಆದರೆ ಬೆರಳಿಗೆ ತಾಗುವುದು ಪ್ಲಾಸ್ಟಿಕ್ಕೇ. ಇಷ್ಟು ಕಷ್ಟಪಟ್ಟು ಮತ್ತೆ ಅಲ್ಲಿಗೇ ಬರುವುದಾದರೆ ಮರ ಯಾಕೆ ಬೇಕಿತ್ತು? ಗೆಳೆಯ ತನಗೆಂದು ಮಾಡಿಕೊಂಡ ಹಾಲೆ ಮರದ ಪೆನ್ನಿಗೆ ಚನ್ನಪಟ್ಟಣದ ದಾರಿ ಹಿಡಿದಿದ್ದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು. ಬಲು ಚೆಂದ. ಒಂದೇ ತೊಂದರೆ, ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಅದನ್ನು ಹಿಡಿಯಬಾರದು: ಆಲ್ಕೋಹಾಲಿಗೆ ಅರಗು ಮೆತ್ತಗಾಗುತ್ತದೆ. ನನ್ನ ಬೀಟೆಗೆ ಒಂದು ತೊಟ್ಟು ಎಣ್ಣೆಯ ಹೊರತು ಏನನ್ನೂ ಹಚ್ಚಲಿಲ್ಲ. ಗುಮಾಸ್ತರು ಹಚ್ಚಿದ್ದೂ ಅಂಗೈಯನ್ನೇ ತಾನೆ.

ಕ್ಲಿಪ್ಪು ಮಾಡುವ ಸಹನೆ ಉಳಿದಿರಲಿಲ್ಲ. ಮೇಜಿನ ಮೇಲೆ ಉರುಳದಿರಲೆಂದು ಹಿತ್ತಾಳೆಯ ತಲೆಯಲ್ಲಿ ಒಂದು ಮಗ್ಗುಲು ಚಪ್ಪಟೆ ಮಾಡಿದ್ದೇವೆ. ಪೆನ್ನಿನ ತೂಕ 27 ಗ್ರಾಂ, ಗುಂಡಿ ಸೇರಿ ಉದ್ದ 138 ಮಿಲಿಮೀಟರ್. ಇದನ್ನು ಬರೆದದ್ದೂ ಅದರಲ್ಲೇ.

ಒಂದು ಮಾತು. ಬ್ಯಾಂಕಿನಲ್ಲಿ ಚಲನ್ ತುಂಬಲು ಯಾರಾದರೂ ಪೆನ್ನು ಕೇಳಿದರೆ ನಾವೆಲ್ಲ ಮಾಡುವುದು ಒಂದೇ: ಕ್ಯಾಪ್ ನಮ್ಮಲ್ಲಿಟ್ಟುಕೊಂಡು ಪೆನ್ನು ಕೊಡುತ್ತೇವೆ. ಕ್ಲಿಕ್ ಪೆನ್ನಿಗೆ ಕ್ಯಾಪ್ ಇಲ್ಲ. ಅದಕ್ಕಾಗಿ ಜೇಬಿನಲ್ಲಿ ಹತ್ತು ರೂಪಾಯಿಯದೂ ಒಂದು ಇಟ್ಟುಕೊಂಡಿರುತ್ತೇನೆ. ಬೇಕಿದ್ದರೆ ಅದನ್ನು ಕೇಳಿ, ಇದನ್ನು ಕೇಳಬೇಡಿ.